ನಂಬರಿಲ್ಲದ ತಂತಿಗಳು

ರೈಲು ಬೋಗಿಗಳಿಗೆ ಕರೆಂಟು ಜೋಡಿಸುವ ಕಾರ್ಖಾನೆಯೊಂದರಲ್ಲಿ ರಾಜೇಸಾಬ್ ಎಂಬ ಮೇಸ್ತ್ರಿ ಇದ್ದರು. ದ್ಯಾಮವ್ವ ಅವರ ಕೈಕೆಳಗೆ ಕಲಿತವಳು.

ಮಧ್ಯಾಹ್ನ ಅವಳ ಬುತ್ತಿಯ ಪಕ್ಕ ಯಾರೂ ಬುತ್ತಿ ಬಿಚ್ಚುತ್ತಿರಲಿಲ್ಲ. ಹೆಂಗಸಿಗೆ ಈ ಕೆಲಸ ಯಾಕೆ ಎನ್ನುತ್ತಿದ್ದವರು ಈಗ ಅದನ್ನೂ ಹೇಳುವುದು ಬಿಟ್ಟಿದ್ದರು.

ಹಳ್ಳಿಹಳ್ಳಿಗೆ ಹೋಗಿ ಕಣ್ಣಿನ ಆಪರೇಷನ್ ಮಾಡುವ ಬೋಗಿಯೊಂದು ಬಂತು. ಅದರ ದೀಪ, ಪಂಪು, ಬ್ಯಾಟರಿ ಎಲ್ಲವನ್ನೂ ನಡೆಸುವ ಬೋರ್ಡನ್ನು ಮೇಸ್ತ್ರಿ ದ್ಯಾಮವ್ವನಿಗೇ ಬಿಟ್ಟರು. ಅವಳು ಒಬ್ಬಳೇ ಮಾಡಿದ ಮೊದಲ ಬೋರ್ಡು. ಮೇಸ್ತ್ರಿ ಒಪ್ಪಿದರೆ ಬೋಗಿ ಹೊರಡುತ್ತದೆ. ಒಪ್ಪದಿದ್ದರೆ ಬೋರ್ಡು ಬೇರೆಯವರ ಕೈಗೆ.

ಮೇಸ್ತ್ರಿ ಅವಳೊಂದಿಗೆ ಬೋಗಿ ಹತ್ತಿ, ಬೋರ್ಡಿನ ಮುಚ್ಚಳ ತೆಗೆದು ನೋಡಿದರು. ಹೆಣೆದ ಜಡೆಯಂಥ ತಂತಿಗಳು, ಎಲ್ಲವೂ ಕರಿ. ತಂತಿ ಬಿಗಿಯುವ ಸ್ಕ್ರೂಗಳ ಸಾಲಿನಲ್ಲಿ ಒಂದೂ ಖಾಲಿಯಿಲ್ಲ. ಯಾವುದು ಯಾವುದೆಂದು ಗುರುತು ಹೇಳುವ ನಂಬರಿನ ಉಂಗುರ ಯಾವ ತಂತಿಗೂ ಇಲ್ಲ.

"ನಂಬರ್ ಎಲ್ಲೆವ್ವ?"

"ನನ್ನ ತಲ್ಯಾಗ ಅದಾವ್ರಿ."

"ನಿನ್ನ ತಲಿ ಬೋಗಿಗೆ ಜೋಡಿಸಿ ಕಳಸೋದೇನು?"

"ಕೆಟ್ರ ನನ್ನನ್ನ ಕರೀತಾರ್ರಿ."

ಹಾಗೆನ್ನುವಾಗ ಅವಳಿಗೇ ಗೊತ್ತಿಲ್ಲದೆ ಅವಳ ದನಿ ಮೆತ್ತಗಾಯಿತು.

ಮೇಸ್ತ್ರಿ ಒಂದು ತಂತಿ ಕಿತ್ತರು. ದೀಪ ಆರಿತು. ಅವಳನ್ನು ಕೆಳಗಿಳಿಸಿ ಒಳಗಿಂದ ಬಾಗಿಲು ಹಾಕಿಕೊಂಡರು.

"ಮೇಸ್ತ್ರೀ! ಕತ್ತಲಾಗ ಏನ್ ಮಾಡಾಕ್ಹತ್ತೀರಿ?"

"ಆಪರೇಷನ್ ಮೇಜಿನ ಮ್ಯಾಲ ಮಲಗೀನಿ. ಕಣ್ಣು ಅರ್ಧ ಕೊಯ್ದಾರ. ಲಗೂನ ಹೇಳು, ಯಾವ ತಂತಿ?"

"ಎಡಗಡೆ ಕರೇದು!"

"ಎಲ್ಲಾ ಕರಿಯವ."

"ಅದಲ್ರಿ... ದಪ್ಪನ್ನದರ ಹಿಂದ... ಬಾಗಿಲಾ ತಗೀರಿ, ನಾನ ಬರತೀನಿ!"

"ಹೆಂಗ ಬರತಿ? ಬೋಗಿ ದೂರದ ಊರಾಗ ಐತಿ. ನೀ ಕಾರ್ಖಾನ್ಯಾಗ ಅದಿ."

ಅವಳು ಬಾಗಿಲು ಬಡಿದಳು. ಅದು ತೆರೆಯಲಿಲ್ಲ. ಬಿಸಿಲಿಗೆ ಕಾದ ತಗಡಿಗೆ ಅಂಗೈ ಊರಿಕೊಂಡು ಹಾಗೇ ನಿಂತಳು.

ಮೇಸ್ತ್ರಿ ಬಾಗಿಲು ತೆರೆದಾಗ ಅವಳು ಉಂಗುರಗಳ ಡಬ್ಬಿ ತಂದು ಬೋರ್ಡಿನ ಮುಂದೆ ಕೂತಳು. ಒಂದೊಂದೇ ತಂತಿ ಬಿಚ್ಚಿ, ನಂಬರು ಬರೆದು, ತೊಡಿಸಿ, ಮತ್ತೆ ಬಿಗಿದಳು. ಮುಗಿಸಿದ ಮೇಲೆ ಕೇಳಿದಳು:

"ಹಿಂಗ ಬರದಿಟ್ರ ನನ್ನನ್ನ ಯಾರು ಕರೀತಾರ್ರಿ?"

"ಯಾರೂ ಕರಿಯೂದಿಲ್ಲ."

"ನಿಮ್ಮನ್ನ?"

"ಇಲ್ಲಿತನಕ ಯಾರೂ ಕರದಿಲ್ಲ."

ಪಕ್ಕದ ಹಳಿಯ ಮೇಲೆ ಬಣ್ಣ ಹೊಡೆಸಿಕೊಳ್ಳಲು ಬಂದ ಹಳೆಯ ಬೋಗಿಯೊಂದು ನಿಂತಿತ್ತು. ಮೇಸ್ತ್ರಿ ಅವಳನ್ನು ಅದರೊಳಗೆ ಕರೆದೊಯ್ದು ಬೋರ್ಡು ತೆರೆದರು. ಅವರು ಹರೆಯದಲ್ಲಿ ಮಾಡಿದ್ದು. ತಂತಿಗಳಿಗೆಲ್ಲ ಅವರ ದುಂಡನೆಯ ಬರಹದ ಉಂಗುರಗಳು, ಮಾಸಿ ಹಳದಿಯಾಗಿದ್ದವು.

ಸಾಲಿನ ಕೊನೆಯ ತಂತಿ ಮಾತ್ರ ಹೊಸದು. ನಂಬರು ಸರಿಯಾಗಿ ಮುಂದಿನದೇ. ಆದರೆ ಅಂಕಿಗಳು ಬಲಕ್ಕೆ ವಾಲಿದ್ದವು.

ದ್ಯಾಮವ್ವ ಅದನ್ನು ಬೆರಳಿನಿಂದ ಮುಟ್ಟಿದಳು.

"ಇದು ನಿಮ್ಮ ಕೈ ಅಲ್ರಿ."

"ಅಲ್ಲ. ಎಲ್ಲೋ ಒಬ್ಬಾವ ಇನ್ನೊಂದು ದೀಪ ಹಚ್ಯಾನ."

"ಯಾರ್ರಿ ಅಂವ?"

"ಯಾರಿಗ್ಗೊತ್ತು. ಮಾರಿ ನೋಡಿಲ್ಲ."

ಅವಳು ಆ ತಂತಿಯ ಗುಂಟ ಬೆರಳಾಡಿಸಿ, ಅದನ್ನು ಬಿಗಿದಿದ್ದ ಸ್ಕ್ರೂ ಮುಟ್ಟಿದಳು.

"ಅವಂಗ ಖಾಲಿ ಸ್ಕ್ರೂ ಎಲ್ಲಿ ಸಿಕ್ತ್ರಿ?"

"ನಾ ಒಂದು ಬಿಟ್ಟಿದ್ದೆ."

ಮೇಸ್ತ್ರಿ ಮುಚ್ಚಳ ಹಾಕಿ, ತಮ್ಮ ಸ್ಕ್ರೂ ಡ್ರೈವರನ್ನು ಅವಳ ಕೈಗಿಟ್ಟರು.

"ನಾಳೆ ನಿನ್ನ ಬೋಗಿ ಹೊರಡತೈತಿ. ಹೋಗು, ನಿನ್ನ ಬೋರ್ಡಿನ್ಯಾಗ ಒಂದು ಜಾಗಾ ಖಾಲಿ ಮಾಡು."