ಕೋಟಿನ ಅಂಚಿನ ಎರಡು ಕಲ್ಲು

"ಗುರುಗಳೇ, ಸಭೆಯಲ್ಲಿ ಗೆದ್ದವನಿಗೆ ನಿಮ್ಮಿಂದ ಒಂದು ಭೇಷ್ ಕೂಡ ಸಲ್ಲದೆ?" ಎಂದು ಶಿಷ್ಯ ಚನ್ನವೀರ ಕೇಳಿದ.

ಹಿಂದಿನ ದಿನ ಮಠಕ್ಕೆ ಬಂದಿದ್ದ ಪಂಡಿತರೊಬ್ಬರ ಬಾಯಿಯನ್ನು ಅವನು ಒಂದೇ ಮಾತಿನಲ್ಲಿ ಮುಚ್ಚಿಸಿದ್ದ. ಸಭೆ ಚಪ್ಪಾಳೆ ತಟ್ಟಿತ್ತು. ಆಮೇಲೆ ಆ ಮಾತನ್ನು ಅಡುಗೆಮನೆಯಲ್ಲಿ ಹೇಳಿದ, ಬಾವಿಕಟ್ಟೆಯಲ್ಲಿ ಹೇಳಿದ, ಹೂ ತರುವವಳಿಗೆ ಎರಡು ಸಲ ಹೇಳಿದ. ಗುರುಗಳು ಮಾತ್ರ ಏನೂ ಅಂದಿರಲಿಲ್ಲ. ಮಠ ಸೇರುವ ಮೊದಲು ಅವರು ಸೇನೆಯಲ್ಲಿ ಗುರಿಕಾರರಿಗೆ ಪಾಠ ಹೇಳಿದವರು. ಈಗ ಒಂದು ಕತೆ ಹೇಳಿದರು.

ಒಬ್ಬ ಗುರಿಕಾರನಿದ್ದ. ಪಿಸ್ತೂಲಿನ ಸ್ಪರ್ಧೆಯಲ್ಲಿ ಏಳು ವರ್ಷವೂ ಎರಡನೆಯವನಾಗಿದ್ದ. ಜನ ಅವನ ಹೆಸರು ಮರೆತು 'ಎರಡನೆಯವನು' ಎಂದೇ ಕರೆಯುತ್ತಿದ್ದರು. ಈ ಸಲ ಗೆಲ್ಲದಿದ್ದರೆ ಪಿಸ್ತೂಲು ಮುಟ್ಟುವುದಿಲ್ಲ ಎಂದು ಹೆಂಡತಿಯ ಮುಂದೆ ಆಣೆ ಮಾಡಿದ್ದ.

ಆ ಸ್ಪರ್ಧೆಯಲ್ಲಿ ಪಿಸ್ತೂಲು ಸೊಂಟದ ಒರೆಯಲ್ಲಿ, ಕೋಟಿನ ಮರೆಯಲ್ಲಿರಬೇಕು. ಕೈ ಎತ್ತಿ ನಿಂತಾಗಲೂ ಅದರ ತುದಿ ಕಾಣಬಾರದು. ಗಂಟೆ ಬಾರಿಸಿದೊಡನೆ ಕೋಟು ಸರಿಸಿ, ಪಿಸ್ತೂಲು ತೆಗೆದು, ಗೋಡೆಯ ಮರೆಯಿಂದ ಗುರಿಯ ಆರು ಹಲಗೆಗೆ ಹೊಡೆಯಬೇಕು. ಕೊನೆಗೆ ಪಿಸ್ತೂಲು ಖಾಲಿಯೆಂದು ತೋರಿಸಿ ಒರೆಗೆ ಸೇರಿಸಬೇಕು. ಆಗ ತೀರ್ಪುಗಾರ 'ಮುಗಿಯಿತು' ಎನ್ನುತ್ತಾನೆ. ಅಲ್ಲಿಯವರೆಗೆ ಪಿಸ್ತೂಲು ನೆಲಕ್ಕೆ ಬಿದ್ದರೆ ಆಟದಿಂದ ಹೊರಗೆ.

ಕೋಟು ಬೇಗ ಸರಿಯಲೆಂದು ಅವನು ಅದರ ಅಂಚಿನೊಳಗೆ ಎರಡು ಸಣ್ಣ ಕಲ್ಲು ಇಟ್ಟು ಹೊಲಿದ. ಅದಕ್ಕೆ ನಿಯಮದ ತಡೆಯಿರಲಿಲ್ಲ. ಕೈ ಬೀಸಿದರೆ ಸಾಕು, ಅಂಚು ಹಾರಿ ಹಿಂದಕ್ಕೆ ಹೋಗುತ್ತಿತ್ತು.

ಸ್ಪರ್ಧೆಯ ದಿನ ಬಂತು. ಗಂಟೆ ಮೊಳಗಿತು. ಕೋಟು ಹಾರಿತು, ಪಿಸ್ತೂಲು ಕೈಗೆ ಬಂತು. ಒಂದು ಹಲಗೆ, ಎರಡು, ಮೂರು! ಜನ ಎದ್ದು ನಿಂತರು. ನಾಲ್ಕು, ಐದು, ಆರು! ಅಷ್ಟು ಬೇಗ ಹೊಡೆದವರನ್ನು ಆ ಬಯಲಿನಲ್ಲಿ ಯಾರೂ ಕಂಡಿರಲಿಲ್ಲ. ಏಳು ವರ್ಷದ ಬೇಗೆ ಒಂದೇ ಗಳಿಗೆಯಲ್ಲಿ ಇಳಿಯಿತು. ಅವನಿಗೆ ಕುಣಿಯುವಷ್ಟು ಸಂತೋಷವಾಯಿತು. ಖಾಲಿ ಪಿಸ್ತೂಲನ್ನು ತೀರ್ಪುಗಾರನಿಗೆ ತೋರಿಸಿದ. ಎಡಗೈಯನ್ನು ಜನರತ್ತ ಬೀಸುತ್ತ, ಬಲಗೈಯಿಂದ ಅದನ್ನು ಸೊಂಟಕ್ಕೆ ತುರುಕಿದ.

ಹಿಂದಕ್ಕೆ ಹಾರಿದ್ದ ಅಂಚು ಕಲ್ಲಿನ ಭಾರಕ್ಕೆ ಅಷ್ಟೇ ಬೇಗ ಮುಂದಕ್ಕೆ ಬಂದಿತ್ತು. ಬಟ್ಟೆ ಒರೆಯ ಬಾಯಿಗೆ ಸಿಕ್ಕಿಕೊಂಡಿತ್ತು. ಅವನು ನೋಡಲಿಲ್ಲ. ಕೈ ಬಿಟ್ಟ. ಪಿಸ್ತೂಲು ನೆಲಕ್ಕೆ ಬಿತ್ತು.

"ಆರೂ ಬಿದ್ದಿವೆ ಸ್ವಾಮಿ! ಪಿಸ್ತೂಲು ಖಾಲಿಯಿತ್ತು, ನೀವೇ ನೋಡಿದಿರಿ!" ಎಂದು ಅವನು ಕೂಗಿದ.

"ನಾನಿನ್ನೂ ಮುಗಿಯಿತು ಅಂದಿರಲಿಲ್ಲ," ಎಂದ ತೀರ್ಪುಗಾರ. "ತೆಗೆಯುವುದನ್ನು ದಿನಕ್ಕೆ ಎಷ್ಟು ಸಲ ಅಭ್ಯಾಸ ಮಾಡಿದೆಯಪ್ಪ?"

"ಇನ್ನೂರು ಸಲ."

"ಒಳಗಿಡುವುದನ್ನು?"

ಆ ವರ್ಷ ಅವನು ಎರಡನೆಯವನೂ ಆಗಲಿಲ್ಲ.

ಚನ್ನವೀರ ಜೋರಾಗಿ ನಕ್ಕ. "ಎಂಥ ಪೆದ್ದ! ಗೆದ್ದ ಮೇಲೆ ಒಳಗಿಡುವುದೂ ಬರಲಿಲ್ಲವೆ?"

"ಪಂಡಿತರು ನಿನ್ನೆ ಸಂಜೆಯೇ ಊರು ಬಿಟ್ಟರು, ನಿನ್ನ ಮಾತು ಇನ್ನೂ ಒರೆಯ ಹೊರಗೇ ಇದೆಯಲ್ಲ," ಎಂದರು ಗುರುಗಳು.