ಗೂಳಪ್ಪ ಮತ್ತು ಅವ್ವಂದಿರ ಶಾಲೆ

ಈಗ ನಮ್ಮೂರ ಮುದುಕಿಯರು ಬಸ್ಸಿನ ಬೋರ್ಡು ತಾವೇ ಓದಿ ಹತ್ತುತ್ತಾರೆ. ಅವ್ವಂದಿರ ಶಾಲೆ ಶುರುವಾದ ಕಾಲದಲ್ಲಿ ಹಾಗಿರಲಿಲ್ಲ. ಆಗ ಊರಲ್ಲಿ ಹೊನ್ನವ್ವ ಎಂಬ ತಾಯಿ, ಗೂಳಪ್ಪ ಎಂಬ ಮಗ. ಮಗನಿಗೆ ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ತಾಯಿಗೆ ಒಂದೇ ಆಸೆ: ಹೆಬ್ಬೆಟ್ಟು ಒತ್ತುವುದು ಬಿಟ್ಟು ತನ್ನ ಹೆಸರು ತಾನೇ ಬರೆಯಬೇಕು. ಬಸಲಿಂಗ ಮಾಸ್ತರರು ಸಂಜೆ ಹೊತ್ತು ಚಾವಡಿಯಲ್ಲಿ ಮುದುಕಿಯರಿಗೆ ಅಕ್ಷರ ಕಲಿಸುತ್ತಿದ್ದರು. ಶಾಲೆಯ ಚಾಕರಿಗೆ ಗೂಳಪ್ಪ, ಕೆಲಸ ಹೇಳುವವಳು ತಾಯಿ.

"ಗೂಳ್ಯಾ, ಚಿಮಣಿ ದೀಪ ಹಚ್ಚಿಕೊಂಡು ಬಾ!"

ಹಚ್ಚಿಕೊಂಡ, ಗಾಳಿಗೆ ಎದುರಾಗಿ ಓಡಿ ಬಂದ. ದೀಪ ಆರಿತು.

"ಅಯ್ಯೋ ಮಬ್ಬಾ! ಮ್ಯಾಲೆ ಬುಟ್ಟಿ ಮುಚ್ಚಿ ತರಬೇಕಲ್ಲೋ!"

"ಆಗಲಿ ಯವ್ವಾ, ಇನ್ನ ಮುಂದ ಹಂಗ ಮಾಡ್ತೀನಿ!"

ಮಾರನೆಯ ದಿನ ಕಣ್ಣು ಮಂಜಾದ ನೀಲವ್ವಜ್ಜಿಯನ್ನು ಕರೆತರಲು ಕಳಿಸಿದಳು. ಗೂಳಪ್ಪ ಅಜ್ಜಿಯ ತಲೆಯ ಮೇಲೆ ದೊಡ್ಡ ಬುಟ್ಟಿ ಕವುಚಿ, ಹಿಂದಿನಿಂದ ತಳ್ಳಿಕೊಂಡು ಬಂದ.

"ನಾ ಏನು ಕೋಳಿ ಏನೋ, ಮೂಳಾ!" ಬುಟ್ಟಿಯೊಳಗಿಂದ ಅಜ್ಜಿ ಕೂಗಿದಳು.

"ಅಯ್ಯೋ ಮಬ್ಬಾ! ಅಲ್ಲಲ್ಲಿ ಕೂಡಿಸಿ, ನೀರು ಕುಡಿಸಿ, ಮೆಲ್ಲಗ ತರಬೇಕಲ್ಲೋ!"

"ಆಗಲಿ ಯವ್ವಾ, ಇನ್ನ ಮುಂದ ಹಂಗ ಮಾಡ್ತೀನಿ!"

ಆಮೇಲೆ ಸಂತೆಯಿಂದ ಸೀಮೆಸುಣ್ಣ ತರಬೇಕಾಯಿತು. ಗೂಳಪ್ಪ ಕಟ್ಟೆ ಕಂಡಲ್ಲೆಲ್ಲ ಸೀಮೆಸುಣ್ಣವನ್ನು ಕೂಡಿಸಿದ, ಕೆರೆ ಕಂಡಲ್ಲೆಲ್ಲ ನೀರು ಕುಡಿಸಿದ. ಮನೆಗೆ ಬಂದಾಗ ಕೈಯಲ್ಲಿ ಬಿಳಿ ರಾಡಿ.

"ಅಯ್ಯೋ ಮಬ್ಬಾ! ಹನಿ ನೀರು ಸೋಕಿಸದಂಗ, ಬಿಸಲಾಗ ಇಡಬೇಕಲ್ಲೋ!"

"ಆಗಲಿ ಯವ್ವಾ!"

ಅಷ್ಟರಲ್ಲಿ ಸುದ್ದಿ ಬಂತು. ಮುದುಕಿಯರು ನಿಜವಾಗಿ ಕಲಿತಿದ್ದಾರೋ ಇಲ್ಲವೋ ನೋಡಲು ತಾಲ್ಲೂಕಿನಿಂದ ಶಾಲೆಗಳ ಸಾಹೇಬರು ಬರುತ್ತಾರೆ. ಕಲಿಯದಿದ್ದರೆ ಶಾಲೆ ನಿಲ್ಲಿಸುತ್ತಾರೆ. ಅವ್ವಂದಿರು ಬೆಳಿಗ್ಗೆಯೇ ಬೋರ್ಡಿನ ತುಂಬ ತಮ್ಮ ತಮ್ಮ ಹೆಸರು ಬರೆದಿಟ್ಟರು. ಸಾಹೇಬರನ್ನು ಕರೆತರಲು ಹೋದವನು ಗೂಳಪ್ಪ!

ಮಟಮಟ ಮಧ್ಯಾಹ್ನ. ಸಾಹೇಬರನ್ನು ಕಣದ ನಡುವೆ ಬಿಸಿಲಿನಲ್ಲಿ ಕೂಡಿಸಿದ.

"ಅಪ್ಪಾ, ಸ್ವಲ್ಪ ನೀರು..."

"ಊಹೂಂ! ನಿಮಗ ಹನಿ ನೀರು ಸೋಕಿಸಬಾರದು!"

ಹೊನ್ನವ್ವ ಓಡಿ ಬಂದಳು. "ಅಯ್ಯೋ ಮಬ್ಬಾ! ಕುರ್ಚಿ ಮ್ಯಾಲೆ ಕೂಡಿಸಿ, ಹಾರ ಹಾಕಿ, ತಣ್ಣನ್ನ ಮಜ್ಜಿಗಿ ಕೊಡಬೇಕಲ್ಲೋ!"

"ಆಗಲಿ ಯವ್ವಾ!"

ಸಾಹೇಬರು ಉರಿಯುತ್ತಲೇ ಚಾವಡಿಗೆ ಬಂದರು. ಬೋರ್ಡು ನೋಡಿದರು. "ಇದೆಲ್ಲ ಮಾಸ್ತರರೇ ಬರೆದದ್ದು. ಶಾಲೆ ನಿಲ್ಲಿಸುತ್ತೇನೆ!"

"ಇಲ್ಲರೀ ಸಾಹೇಬ್ರ, ನಾವ ಬರದೀವಿ! ಗೂಳ್ಯಾ, ಆ ಬೋರ್ಡು ಇವರ ಮುಂದ ತಾರೋ!" ಎಂದಳು ಹೊನ್ನವ್ವ.

ಗೂಳಪ್ಪ ತಂದ. ಬೋರ್ಡನ್ನು ಕುರ್ಚಿಯ ಮೇಲೆ ಕೂಡಿಸಿದ. ಹಾರ ಹಾಕಿದ. ಒಂದು ಚರಿಗೆ ಮಜ್ಜಿಗೆಯನ್ನು ಅದರ ಮೇಲೆ ಸುರಿದ. ಹೆಸರುಗಳೆಲ್ಲ ಮಜ್ಜಿಗೆಯ ಜೊತೆ ನೆಲಕ್ಕೆ ಹರಿದುಹೋದವು.

ಹೊನ್ನವ್ವ ಮಗನ ಮುಖ ನೋಡಿದಳು, ಬೋರ್ಡಿನ ಮುಖ ನೋಡಿದಳು. ಸೆರಗಿನಿಂದ ಬೋರ್ಡು ಒರೆಸಿದಳು. ಸೀಮೆಸುಣ್ಣ ಹಿಡಿದಳು. ಹೊ... ನ್ನ... ವ್ವ. ಬರೆದೇ ಬಿಟ್ಟಳು! ಅವಳ ಹಿಂದೆ ನೀಲವ್ವಜ್ಜಿ ಎದ್ದಳು, ಉಳಿದವರೂ ಎದ್ದರು.

ಸಾಹೇಬರು ಕೈಮುಗಿದರು. "ನಿಮ್ಮ ಶಾಲೆ ನಡೀಲಿ ತಾಯಿ."

ಆ ದಿನ ಹೊನ್ನವ್ವ ಮಗನನ್ನು ತಬ್ಬಿಕೊಂಡು ಅತ್ತಳು, ನಕ್ಕಳು. ಸಂತೋಷದಲ್ಲಿ ಬೈಯುವುದನ್ನೇ ಮರೆತಳು. ಬೈಗುಳವಿಲ್ಲ ಎಂದಮೇಲೆ ಹೊಸ ಬುದ್ಧಿಮಾತೂ ಇಲ್ಲ, ಹಳೆಯದೇ ಉಳಿಯಿತು.

ಮಾರನೆಯ ಸಂಜೆ ಬಸಲಿಂಗ ಮಾಸ್ತರರು ಬೋರ್ಡಿನ ಮೇಲೆ ಹೊಸ ಪಾಠ ಬರೆದು ಹಿಂದಕ್ಕೆ ತಿರುಗಿದರು. ಕುರ್ಚಿ, ಹಾರ ತಯಾರಾಗಿದ್ದವು. ಮಜ್ಜಿಗೆ ತುಂಬಿದ ಕೊಡ ಹೊತ್ತು ಗೂಳಪ್ಪ ನಿಂತಿದ್ದ.

"ಸ್ವಲ್ಪ ಸರೀರಿ ಮಾಸ್ತರ, ಬೋರ್ಡಿಗೆ ನೀರಡಿಕಿ ಆಗೇತಿ!"