ತಿದ್ದಿದ ಜೋಗುಳ

ಹೊಳೆದಂಡೆಯ ಮಠದಲ್ಲಿ ಪಂಪಾಪತಯ್ಯನವರಿದ್ದರು. ಹಾಡು ಕಟ್ಟುವುದು, ಕಟ್ಟಿದ್ದನ್ನು ಕಲಿಸುವುದು, ಇಷ್ಟೇ ಅವರ ಬಾಳು. ಅವರ ಒಂದು ಜೋಗುಳವಂತೂ ಸುತ್ತಲ ಊರುಗಳ ತೊಟ್ಟಿಲಿಗೆಲ್ಲ ಹಬ್ಬಿತ್ತು.

ವಿರೂಪಣ್ಣ ಅವರ ಶಿಷ್ಯ. ಗುರುಗಳ ಹಾಡಿನಲ್ಲಿ ಒಂದಕ್ಷರ ಆಚೀಚೆಯಾದರೂ ಅವನಿಗೆ ತಡೆಯಲಾಗುತ್ತಿರಲಿಲ್ಲ. ಹಾಡುವವರು ಯಾರೇ ಇರಲಿ, ಅಲ್ಲೇ ನಿಲ್ಲಿಸಿ ತಿದ್ದುತ್ತಿದ್ದ.

ಒಂದು ಬೆಳಿಗ್ಗೆ ನೀರು ತರಲು ಹೋದವನು ಸಿಡಿಮಿಡಿಗೊಂಡೇ ಬಂದ.

"ಗುರುಗಳೇ, ನಿಮ್ಮ ಜೋಗುಳವನ್ನು ಕೆಡಿಸಿಬಿಟ್ಟಿದ್ದಾರೆ."

"ಯಾರಪ್ಪಾ?"

"ಮರಳದಿಬ್ಬದ ಮೇಲೆ ಒಬ್ಬ ಹೆಂಗಸು ಕೂತಿದ್ದಳು. 'ಮಲಗಿ ಏಳೋ ಕಂದ, ಬೆಳಗು ಕಾದಿದೆ' ಅಂತಲ್ಲವೇ ನೀವು ಕಟ್ಟಿದ್ದು? ಅವಳು 'ಮಲಗು ಕಂದ, ಏಳಬ್ಯಾಡ, ಬೆಳಗು ಕಾಯಲಿ' ಅಂತಿದ್ದಳು. ರಾಗವನ್ನೂ ಎಳೆದೆಳೆದು ಹಾಳು ಮಾಡಿದ್ದಳು."

"ನೀನೇನು ಮಾಡಿದೆ?"

"ತಪ್ಪು ಅಂದೆ. ಏಳಬೇಡ ಅನ್ನೋ ಜೋಗುಳ ಎಲ್ಲಾದರೂ ಉಂಟೇ ಅಂತ ಕೇಳಿದೆ. ಸುಮ್ಮನಾದಳು."

ಪಂಪಾಪತಯ್ಯನವರು ಕೂತಲ್ಲೇ ಸ್ವಲ್ಪ ಮುಂದೆ ಬಾಗಿದರು.

"ಮಡಿಲಲ್ಲಿ ಕೂಸಿತ್ತೇ?"

"ಇತ್ತು. ಬಟ್ಟೆ ಹೊದಿಸಿದ್ದಳು."

"ಮುಖಕ್ಕೂ?"

ವಿರೂಪಣ್ಣ ನೆನಪು ಮಾಡಿಕೊಂಡ. "ಹೂಂ. ಮುಖಕ್ಕೂ."

"ಜೊತೆಗೆ ಯಾರಿದ್ದರು?"

"ಅವಳ ಗಂಡನಿರಬೇಕು. ಆಚೆ ಮರಳು ತೋಡುತ್ತಿದ್ದ. ಕುಡಿಯೋ ನೀರಿಗೆ ಒರತೆ ತೋಡ್ತಾನೆ ಅಂದುಕೊಂಡೆ."

"ಹೊಳೆ ತುಂಬಿ ಹರಿಯುತ್ತಿದೆ," ಅಂದರು ಪಂಪಾಪತಯ್ಯನವರು. "ಒರತೆ ಯಾಕೆ?"

ವಿರೂಪಣ್ಣ ಹೊಳೆಯತ್ತ ತಿರುಗಿ ನೋಡಿದ.

ಮುದುಕರು ಎದ್ದು ಓಡಿದರು. ಅವರು ಓಡಿದ್ದನ್ನು ಅವನು ಎಂದೂ ಕಂಡಿರಲಿಲ್ಲ. ಅವರ ಹಿಂದೆ ತಾನೂ ಓಡಿದ.

ದಿಬ್ಬದ ಮೇಲೆ ಗುಂಡಿ ಮುಚ್ಚಿತ್ತು. ಹಸಿ ಮರಳಿನ ಮೇಲೆ ಅಂಗೈ ಇಟ್ಟು ಅವಳು ಕೂತಿದ್ದಳು. ಗಂಡ ಸಲಿಕೆ ಹಿಡಿದು ನಿಂತಿದ್ದ.

ಪಂಪಾಪತಯ್ಯನವರು ಅವಳ ಮುಂದೆ ಮೊಣಕಾಲೂರಿದರು.

"ತಾಯೀ, ನೀನು ಹಾಡುತ್ತಿದ್ದ ಜೋಗುಳ ನನಗೆ ಕಲಿಸು."

ಅವಳು ವಿರೂಪಣ್ಣನನ್ನು ನೋಡಿದಳು. ಗುರುತು ಹಿಡಿದಳು.

"ತಪ್ಪು ಹಾಡಿದ್ನಂತ್ರೀ ಅಪ್ಪಾ," ಅಂದಳು. "ಸರಿಯಾದ್ದು ಹಾಡಾಕ ಬಾಯಿ ಬರಲಿಲ್ಲ. ಹಾಡಿಲ್ದಂಗನ ಮಣ್ಣು ಮಾಡಿದ್ವಿ."

ವಿರೂಪಣ್ಣ ಮರಳಿನ ಮೇಲೆ ಕೂತು ತಲೆ ತಗ್ಗಿಸಿದ.

ಪಂಪಾಪತಯ್ಯನವರು ಕಣ್ಣು ಮುಚ್ಚಿ ತಾವೇ ಹಾಡನ್ನು ಎತ್ತಿಕೊಂಡರು. "ಮಲಗು ಕಂದ, ಏಳಬ್ಯಾಡ..."

ಅವಳು ತಲೆಯಲ್ಲಾಡಿಸಿದಳು.

"ಅಷ್ಟು ಲಗು ಅಲ್ರೀ. ಏಳಬ್ಯಾಡ ಅನ್ನೂದು ಬಾಯಿಂದ ಸುಲಭ ಬರೂದಿಲ್ಲ."

"ಹೇಗೆ ಬರುತ್ತದೆ ತಾಯೀ?"

ಅವಳು ಹಾಡಿದಳು. ಒಂದು ಸಾಲು ಅವಳು, ಹಿಂದೆಯೇ ಅವರು, ಪಾಠಕ್ಕೆ ಕೂತ ಎಳೆಯರಂತೆ. ಎರಡು ಸಲ ಅವಳು ಅವರನ್ನು ತಿದ್ದಿದಳು. ತಿದ್ದಿದ ಹಾಗೆಯೇ ಅವರು ಹಾಡಿದರು. ಕೊನೆಗೆ ಅವಳ ದನಿ ಒಡೆಯಿತು. ಗಂಡ ಸಲಿಕೆ ಬಿಸುಟು ಅವಳ ಪಕ್ಕ ಕುಕ್ಕರಿಸಿ ಗೋಳೋ ಎಂದು ಅತ್ತ.

ಗುರುಶಿಷ್ಯರು ಮಠಕ್ಕೆ ಮರಳಿದರು. ಹೊಸ್ತಿಲ ಬಳಿ ವಿರೂಪಣ್ಣ ಗುರುಗಳ ಕಾಲು ಹಿಡಿದುಕೊಂಡ.

"ನಾನು... ನಿಮ್ಮ ಹಾಡನ್ನು ಕಾಪಾಡೋಣ ಅಂತ, ಗುರುಗಳೇ..."

ಪಂಪಾಪತಯ್ಯನವರು ಅವನ ತಲೆಯ ಮೇಲೆ ಕೈಯಿಟ್ಟರು.

"ಯಾರಿಂದ, ವಿರೂಪಣ್ಣಾ?"